ಮೂರು ದಿನಕ್ಕೆಂದು ಬಂದವನ ಮೇಲಿನ ದೂರು

ಆ ದೂರಿನಲ್ಲಿ ಸುಳ್ಳು ಒಂದೂ ಇರಲಿಲ್ಲ. ಯಾರು, ಎಲ್ಲಿ, ಯಾವಾಗಿನಿಂದ, ಯಾರ ಮನೆಯಲ್ಲಿ, ಯಾವ ನಮೂನೆ ತುಂಬಿಕೊಡದೆ. ಒಟ್ಟು ಐದು ವಾಕ್ಯ. ಪತ್ರಿಕೆಯ ಡೆಸ್ಕಿನಲ್ಲಿ ಆಗ ನನಗೆ ಹನ್ನೊಂದು ವರ್ಷವಾಗಿತ್ತು. ಬೇರೆಯವರ ವರದಿಗಳಿಂದ ಕೋಪವನ್ನು ಹೊಡೆದುಹಾಕಿ ಸಂಗತಿಯನ್ನಷ್ಟೇ ಉಳಿಸುವುದು ನನ್ನ ದಿನದ ಕೆಲಸ. ನನ್ನ ಕೋಪಕ್ಕೂ ಅದನ್ನೇ ಮಾಡಿದೆ. ಬರೆದು ಮುಗಿಸಿ ಎರಡು ಸಲ ಓದಿದೆ. ಎಲ್ಲಿಯೂ ತೆಗೆಯುವಂಥದ್ದಿರಲಿಲ್ಲ. ಆಮೇಲೆ ಅದನ್ನು ಮಡಚಿ, ನಮ್ಮ ಅಪರಾಧ ವರದಿಗಾರನ ಕೈಗೆ ಕೊಟ್ಟು, ವಿದೇಶಿಯರ ನೋಂದಣಿ ಕಚೇರಿಗೆ ಹೋದಾಗ ತಲುಪಿಸಿಬಿಡು ಎಂದೆ.

ದೂರು ಒಬ್ಬನ ಮೇಲಿತ್ತು. ಏಟು ಬೀಳಬೇಕಾಗಿದ್ದದ್ದು ಇಬ್ಬರಿಗೆ.

ನಾವಿದ್ದದ್ದು ತಿರುವಲ್ಲಿಕ್ಕೇಣಿಯಲ್ಲಿ, ದೇವಸ್ಥಾನದ ಕೊಳದ ಹಿಂದಿನ ಬೀದಿಯಲ್ಲಿ, ಒಂದು ಹಳೆಯ ಮನೆಯ ಮೊದಲ ಮಹಡಿಯಲ್ಲಿ. ಅಪ್ಪನಿಗೆ ಮೈಸೂರಿನಿಂದ ಮದರಾಸಿಗೆ ವರ್ಗವಾದಾಗ ನನಗೆ ಇಪ್ಪತ್ತು, ತಂಗಿಗೆ ಎಂಟು. ಎರಡು ವರ್ಷಕ್ಕೆ ಅಪ್ಪ ತೀರಿಕೊಂಡರು. ವಾಪಸು ಹೋಗುವುದಕ್ಕೆ ಅಲ್ಲಿ ಏನೂ ಇರಲಿಲ್ಲ, ಇಲ್ಲಿ ನನಗೆ ಕೆಲಸ ಸಿಕ್ಕಿತು, ಉಳಿದೆವು. ಕೆಳಗಡೆ ಮನೆಯ ಮಾಲೀಕರು. ಅವರೂ ಕನ್ನಡದವರೇ, ನಾಲ್ಕು ತಲೆಮಾರಿನಿಂದ ಮದರಾಸಿನಲ್ಲಿರುವ ವೈಷ್ಣವ ಕುಟುಂಬ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮೂವತ್ತಾರು ವರ್ಷದ ಸೇವೆಯಲ್ಲಿ ಒಂದು ಮೆಮೊ ಕೂಡ ಬರಲಿಲ್ಲ ಎನ್ನುವುದನ್ನು ಅವರು ಹೇಳದೆ ಬಿಟ್ಟ ವಾರವಿಲ್ಲ. ಅವರ ಕನ್ನಡದಲ್ಲಿ ಅರ್ಧ ತಮಿಳು. ನಮ್ಮ ಅಮ್ಮ ಅವರ ಮಾತು ಕೇಳಿ ಮೇಲೆ ಬಂದು ನಗುತ್ತಿದ್ದಳು. ಅವರು ನಮ್ಮದನ್ನು ಮೈಸೂರು ಕನ್ನಡ, ಶುದ್ಧ ಕನ್ನಡ ಎಂದು ಹೊಗಳಿ, ಮರುಕ್ಷಣವೇ ತಮಿಳಿಗೆ ಜಾರುತ್ತಿದ್ದರು.

ತೊಂಬತ್ತೆಂಟರ ನವೆಂಬರ್ ಮಳೆಯಲ್ಲಿ ಅವನು ಬಂದ. ಬೆಲ್ಜಿಯಂನವನು. ಮೂವತ್ತರ ಆಸುಪಾಸು, ನಮ್ಮ ಮೆಟ್ಟಿಲು ಹತ್ತುವಾಗ ಕುತ್ತಿಗೆ ಬಗ್ಗಿಸಲೇಬೇಕಾದ ಎತ್ತರ, ಬೆನ್ನ ಮೇಲೆ ಹಸಿರು ಚೀಲ, ಚೀಲಕ್ಕೆ ನೇತುಬಿದ್ದ ಒಂದು ಲೋಟ. ಅವನಿದ್ದ ಅಗ್ಗದ ಲಾಡ್ಜಿನ ಕೆಳಮಹಡಿಗೆ ನೀರು ನುಗ್ಗಿತ್ತು. ಬೆಳಗ್ಗೆ ಕಡಲ ದಂಡೆಯಲ್ಲಿ ನಡೆಯಲು ಹೋದ ಮಾಲೀಕರ ಕಣ್ಣಿಗೆ, ಒದ್ದೆ ಚೀಲ ತಬ್ಬಿಕೊಂಡು ಕೂತ ಇವನು ಬಿದ್ದ. ಅವರ ಮಗ ಮಾಧವರಂನಲ್ಲಿ ಮನೆ ಕಟ್ಟಿಕೊಂಡು ಹೋದ ಮೇಲೆ ತಾರಸಿಯ ಕೋಣೆ ಖಾಲಿ ಇತ್ತು. ಮೂರು ದಿನದ ಮಾತು, ಆಮೇಲೆ ಅಂಡಮಾನಿಗೆ ಹಡಗು ಹತ್ತುತ್ತಾನೆ ಎಂದು ಮಾಲೀಕರು ನಮಗೂ ಹೇಳಿ ಕೋಣೆ ಕೊಟ್ಟರು.

ಮೊದಲ ಹಡಗಿನ ಹೊತ್ತಿಗೆ ಅವನ ಹೊಟ್ಟೆ ಕೆಟ್ಟಿತ್ತು. ಅಮ್ಮ ಮೆಣಸಿನ ಸಾರು, ಮಜ್ಜಿಗೆ ಅನ್ನ ಕಳಿಸಿದಳು. ಎರಡನೆಯ ಹಡಗು ಚಂಡಮಾರುತದ ಸುದ್ದಿಗೆ ಹೊರಡಲೇ ಇಲ್ಲ. ಮೂರನೆಯದಕ್ಕೆ ಟಿಕೆಟ್ ಇತ್ತು, ಆರೋಗ್ಯವೂ ಇತ್ತು, ಕಡಲೂ ಸುಮ್ಮನಿತ್ತು. ಹಡಗು ಬಿಟ್ಟ ಹೊತ್ತಿನಲ್ಲಿ ಅವನು ಮೀನುಗಾರರ ಕುಪ್ಪದ ದೋಣಿಗಳ ನಡುವೆ ಮರಳಿನಲ್ಲಿ ಕೂತು ಪುಸ್ತಕದಲ್ಲಿ ಒಂದು ಕಟ್ಟುಮರದ ಚಿತ್ರ ಬಿಡಿಸುತ್ತಿದ್ದ. ನಾನು ಕಂಡೆ. ಏಕೆ ಹೋಗಲಿಲ್ಲ ಎಂದು ಕೇಳಿದಾಗ, ಈ ದೋಣಿಯ ಹಗ್ಗ ಹೇಗೆ ಕಟ್ಟುತ್ತಾರೆಂದು ಇನ್ನೂ ಅರ್ಥವಾಗಿಲ್ಲ ಎಂದ. ಆಮೇಲೆ ಹಡಗಿನ ಮಾತು ಅವನೂ ತೆಗೆಯಲಿಲ್ಲ, ನಾವೂ ತೆಗೆಯಲಿಲ್ಲ. ಬೆಳಗ್ಗೆ ಐದೂವರೆಗೆ ಬರಿಗಾಲಿನಲ್ಲಿ ಇಳಿದು ಹೋಗುತ್ತಿದ್ದ, ಬಿಸಿಲೇರಿದಾಗ ಬರುತ್ತಿದ್ದ. ಅಮ್ಮ ಸಂಡಿಗೆ ಹರಡಿದ ದಿನ ತನ್ನ ಬಟ್ಟೆ ಒಣಗಿಸದೆ ಕೈಯಲ್ಲಿ ಹಿಡಿದುಕೊಂಡೇ ನಿಲ್ಲುತ್ತಿದ್ದ, ಕಾಗೆಗಳನ್ನು ಓಡಿಸುತ್ತಿದ್ದ.

ತಂಗಿ ಅವನೊಂದಿಗೆ ಆಡಿದ್ದು ಎಷ್ಟು ಮಾತು ಎಂದು ನಾನು ಆಮೇಲೆ ಬಹಳ ಸಲ ನೆನಪು ಮಾಡಿಕೊಂಡಿದ್ದೇನೆ. ಅವಳು ಆಗ ಒಂದು ಶಾಲೆಯಲ್ಲಿ ಮೂರನೇ ತರಗತಿಗೆ ಪಾಠ ಹೇಳುತ್ತಿದ್ದಳು. ತಪ್ಪು ಕೇಳಿದರೆ ತಿದ್ದದೆ ಇರಲಾರಳು. ಅವನು ಹೊರಡುವಾಗ ತಮಿಳಿನಲ್ಲಿ ‘ನಾನ್ ಪೋರೇನ್’ ಎನ್ನುತ್ತಿದ್ದ, ಹೋಗುತ್ತೇನೆ ಎಂದು. ಹಾಗನ್ನಬಾರದು, ಹೋಗಿ ಬರುತ್ತೇನೆ ಅನ್ನಬೇಕು, ‘ಪೋಯಿಟ್ಟು ವರೇನ್’ ಎಂದು ಇವಳು ಮೆಟ್ಟಿಲ ಮೇಲಿನಿಂದ ಹೇಳಿಕೊಟ್ಟಳು. ಇಂಥವು ನಾಲ್ಕೈದು. ಅಷ್ಟೇ. ಇದಕ್ಕೆ ನಾನೇ ಸಾಕ್ಷಿ. ನನ್ನ ಪಾಳಿ ಮಧ್ಯಾಹ್ನದ ನಂತರ, ಬೆಳಗಿನ ಹೊತ್ತೆಲ್ಲ ನಾನು ಮನೆಯಲ್ಲೇ.

ಜನವರಿಯಲ್ಲಿ ಅಣ್ಣಾ ನಗರದ ನಮ್ಮ ನೆಂಟರ ಮನೆಯಲ್ಲಿ ತಂಗಿಯನ್ನು ನೋಡಲು ಮೈಸೂರಿನಿಂದ ಬಂದರು. ಹುಡುಗ ವಿಮಾ ಕಚೇರಿಯಲ್ಲಿದ್ದ. ಹೆಚ್ಚು ಮಾತಿನವನಲ್ಲ. ತಂಗಿ ಮೂರನೇ ತರಗತಿಯ ಮಕ್ಕಳ ಬಗ್ಗೆ ಏನೋ ಹೇಳಿದಾಗ ಮಾತ್ರ ಜೋರಾಗಿ ನಕ್ಕ, ಅವನ ತಾಯಿ ತಿರುಗಿ ನೋಡುವಷ್ಟು. ಮನೆಗೆ ಬಂದ ಮೇಲೆ ತಂಗಿ ಆ ನಗುವನ್ನು ಅಮ್ಮನೆದುರು ಅನುಕರಿಸಿ ತೋರಿಸಿದಳು, ಮೂರು ಸಲ. ನನಗೆ ಅಷ್ಟು ಸಾಕಾಗಿತ್ತು. ಆಮೇಲೆ ಕಾಗದಗಳು ಶುರುವಾದವು. ಅವನದು ನಾಲ್ಕು, ಇವಳದು ನಾಲ್ಕು. ನನಗೆ ಮೂವತ್ತೈದಾಗುತ್ತಿತ್ತು. ನನ್ನ ವಿಷಯದಲ್ಲಿ ಅಮ್ಮ ಕೈಬಿಟ್ಟಾಗಿತ್ತು, ನಾನೂ. ಈ ಮದುವೆ ಆಗಬೇಕಿತ್ತು.

ಹುಡುಗನ ತಾಯಿಗೆ ಒಂದು ವಿಚಾರಣೆ ಬಾಕಿ ಇತ್ತು. ನೆಂಟರು ಒಳ್ಳೆಯದನ್ನೇ ಹೇಳುತ್ತಾರೆ, ಬಾಡಿಗೆ ಮನೆಯ ಓನರನ್ನು ಕೇಳಿದರೆ ನಿಜ ಗೊತ್ತಾಗುತ್ತದೆ ಎನ್ನುವುದು ಆಕೆಯ ನಂಬಿಕೆ. ಮಾಲೀಕರ ಫೋನ್ ನಂಬರನ್ನು ನಾನೇ ಬರೆದುಕೊಟ್ಟೆ.

ಹತ್ತು ದಿನದ ಮೇಲೆ ಹುಡುಗನ ಸೋದರಮಾವ ನನ್ನ ಕಚೇರಿಗೆ ಫೋನ್ ಮಾಡಿದರು. ನಮಸ್ಕಾರವಿಲ್ಲ.

“ವಿಷಯ ಗೊತ್ತಾಯ್ತು ಕಣಮ್ಮ. ನಿಮ್ಮ ಓನರ್ರೇ ಬಾಯಿಬಿಟ್ಟು ಹೇಳಿದ್ದಾರೆ. ಒಂದು ಸಲ ಅಲ್ಲ, ಎರಡು ಸಲ. ಆ ಫಾರಿನ್‌ನವನಿಗೇ ಧಾರೆ ಎರೆದುಕೊಡಿ, ಹೇಗೂ ಮನೇಲೇ ಇದ್ದಾನಲ್ಲ.”

ಏನು ಹೇಳಿದರು ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟರು. ಮತ್ತೆ ಮಾಡಿದೆ, ಯಾರೂ ಎತ್ತಲಿಲ್ಲ.

ಆ ಸಂಜೆ ನಾನು ಹದಿನಾಲ್ಕು ವರದಿಗಳನ್ನು ತಿದ್ದಿ ಪುಟಕ್ಕೆ ಕಳಿಸಿದೆ. ಕೈ ತಪ್ಪಲಿಲ್ಲ. ತಲೆಯಲ್ಲಿ ಇನ್ನೊಂದು ವರದಿ ತಾನಾಗಿಯೇ ಜೋಡಣೆಯಾಗುತ್ತಿತ್ತು. ಮಾಲೀಕರ ಮಗಳು ತಾಂಬರಂನಲ್ಲಿದ್ದಳು, ಗಂಡನೊಂದಿಗೆ ತವರಿನ ಹತ್ತಿರಕ್ಕೆ ಬರಬೇಕೆಂದಿದ್ದಳು. ನಮ್ಮ ಮಹಡಿ ಬಿಟ್ಟುಕೊಡುತ್ತೀರಾ ಎಂದು ಮಾಲೀಕರು ಎರಡು ಸಲ ಕೇಳಿದ್ದರು, ತಂಗಿಯ ಮದುವೆಯಾಗಲಿ ಎಂದು ನಾವು ಎರಡು ಸಲವೂ ಮುಂದೂಡಿದ್ದೆವು. ನಮ್ಮನ್ನು ಎಬ್ಬಿಸುವುದಕ್ಕೆ ಹೆಸರು ಕೆಡಿಸುವುದಕ್ಕಿಂತ ಸುಲಭದ ದಾರಿ ಯಾವುದಿದೆ? ಕಾರಣ ಸಿಕ್ಕಿತು, ಆರೋಪಿ ಸಿಕ್ಕಿದ, ಸಾಧನ ತಾರಸಿಯಲ್ಲೇ ಇತ್ತು. ಡೆಸ್ಕಿನಲ್ಲಿ ಹೊಸಬರಿಗೆ ನಾನು ಮೊದಲ ದಿನ ಹೇಳುತ್ತಿದ್ದ ಮಾತು, ಆರೋಪ ಹೊತ್ತವನನ್ನು ಕೇಳದೆ ಒಂದು ಸಾಲೂ ಅಚ್ಚಿಗೆ ಹೋಗಬಾರದು ಎಂದು. ಮಾಲೀಕರು ನಮ್ಮ ಕಾಲಕೆಳಗೆ ಹತ್ತು ಮೆಟ್ಟಿಲಿನ ದೂರದಲ್ಲಿದ್ದರು. ನಾನು ಇಳಿಯಲಿಲ್ಲ. ಅವರ ಉತ್ತರ ನನಗೆ ಬೇಕಿರಲಿಲ್ಲ.

ಅಮ್ಮನಿಗೆ ಮಾತ್ರ ನಿಜ ಹೇಳಿದೆ. ಕೆದಕಬೇಡ ಎಂದಳು. ತಂಗಿಗೆ, ಜಾತಕ ಕೂಡಲಿಲ್ಲವಂತೆ ಎಂದೆ. ಆಗಲೇ ನೋಡಿದ್ದರಲ್ಲ ಎಂದಳು. ಇನ್ನೊಬ್ಬರು ಇನ್ನೊಂದು ಸಲ ನೋಡಿದರಂತೆ ಎಂದೆ. ಅವಳು ತನ್ನ ಲೆಕ್ಕಕ್ಕೆ ಐದನೆಯ ಕಾಗದ ಬರೆದು ಹಾಕಿದಳು. ಶಾಲೆಯಿಂದ ಬಂದವಳು ಮೊದಲು ಕೆಳಗಿನ ಅಂಚೆಪೆಟ್ಟಿಗೆಯಲ್ಲಿ ಕೈಯಾಡಿಸಿ, ಆಮೇಲೆ ಮೆಟ್ಟಿಲು ಹತ್ತುತ್ತಿದ್ದಳು. ಅವಳ ಹೆಜ್ಜೆ ಪೆಟ್ಟಿಗೆಯ ಬಳಿ ನಿಲ್ಲುವುದು ಮೇಲೆ ಕೇಳುತ್ತಿತ್ತು. ರಜೆಯಲ್ಲಿದ್ದ ಒಂದು ವಾರ ನಾನು ಅದನ್ನು ದಿನವೂ ಕೇಳಿದೆ. ಆ ವಾರದ ಕೊನೆಗೆ ದೂರು ಬರೆದೆ.

ವಿದೇಶಿಯನ್ನು ಮನೆಯಲ್ಲಿಟ್ಟುಕೊಂಡವರು ಒಂದು ನಮೂನೆ ತುಂಬಿ ಕಚೇರಿಗೆ ಕೊಡಬೇಕು ಎನ್ನುವ ನಿಯಮ ನನಗೆ ಗೊತ್ತಿತ್ತು. ಮಾಲೀಕರು ಕೊಟ್ಟಿಲ್ಲ ಎನ್ನುವುದೂ ಗೊತ್ತಿತ್ತು. ಅವರ ಪ್ರಕಾರ ಅವನು ಇನ್ನೂ ಮೂರು ದಿನದ ಅತಿಥಿಯೇ. ಒಂದೇ ಕಾಗದದಲ್ಲಿ ಅವನು ದೇಶ ಬಿಡುತ್ತಾನೆ, ಇವರು ಮೂವತ್ತಾರು ವರ್ಷ ಕಾಪಾಡಿಕೊಂಡು ಬಂದದ್ದು ಹೋಗುತ್ತದೆ.

ನಾಲ್ಕನೆಯ ದಿನ ಬೆಳಗ್ಗೆ ಪೊಲೀಸರು ಬಂದರು. ಇಬ್ಬರು, ಸಭ್ಯರು, ಚಪ್ಪಲಿ ಬಿಟ್ಟೇ ತಾರಸಿ ಹತ್ತಿದರು. ಅವನ ವೀಸಾ ಮುಗಿದು ಹನ್ನೆರಡು ದಿನವಾಗಿತ್ತು. ಇದು ನನಗೂ ಗೊತ್ತಿರಲಿಲ್ಲ. ಕೇಳಿ ಸಂತೋಷವಾಯಿತು, ಸುದ್ದಿ ನಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿದೆ ಎಂದು ತಿಳಿದಾಗ ಆಗುವಂಥ ಸಂತೋಷ. ಎರಡು ದಿನ ಕಚೇರಿಯಲ್ಲಿ ಕೂರಿಸಿ, ದಂಡ ಕಟ್ಟಿಸಿಕೊಂಡು, ವಾರದೊಳಗೆ ದೇಶ ಬಿಡುವಂತೆ ಮುದ್ರೆ ಒತ್ತಿ ಕಳಿಸಿದರು. ಹೊರಡುವ ದಿನ ಅವನು ಅಮ್ಮನ ಬಳಿ ಬಂದು, ಒಂದು ಚೀಟಿಯಲ್ಲಿ ತನ್ನ ಊರಿನ ವಿಳಾಸ ಬರೆದು ಕೊಟ್ಟ. ನನ್ನ ಕಡೆ ತಿರುಗಿ, ಕಚೇರಿಯಲ್ಲಿ ಯಾರಾದರೂ ಪರಿಚಯವಿದ್ದರೆ ಒಂದು ಮಾತು ಹೇಳಬಹುದಿತ್ತೇನೋ, ತೊಂದರೆ ಕೊಡಬಾರದೆಂದು ಕೇಳಲಿಲ್ಲ ಎಂದ. ಮೆಟ್ಟಿಲ ಬಳಿ ಕುತ್ತಿಗೆ ಬಗ್ಗಿಸಿ, ‘ಪೋಯಿಟ್ಟು ವರೇನ್’ ಎಂದ. ನಾನು ತಲೆಯಾಡಿಸಿದೆ.

ಮಾಲೀಕರನ್ನು ಮೂರು ಸಲ ಕರೆಸಿದರು. ಅರವತ್ತೆಂಟು ವರ್ಷದ ಮನುಷ್ಯ ಇಸ್ತ್ರಿಯ ಶರಟು ಹಾಕಿ, ನಾಮ ತಿದ್ದಿಕೊಂಡು, ಛತ್ರಿ ಹಿಡಿದು ಬೆಳಗ್ಗೆ ಹೋಗಿ ಸಂಜೆ ಬರುತ್ತಿದ್ದರು. ಬೆಂಚಿನ ಮೇಲೆ ಕೂರಿಸುತ್ತಾರೆ, ಹೆಸರು ಕೂಗುವುದಿಲ್ಲ ಎಂದು ಅವರ ಹೆಂಡತಿ ಅಮ್ಮನಿಗೆ ಹೇಳಿ ಅತ್ತರು. ಮೂರನೆಯ ದಿನ ತಪ್ಪೊಪ್ಪಿಗೆ ಬರೆಸಿಕೊಂಡರು. ಕಿಟಕಿಯಿಂದ ನಾನು ಅವರು ಬೀದಿ ತಿರುಗಿ ಬರುವುದನ್ನು ನೋಡಿದೆ. ಬೀದಿಯವರು ಮಾತಾಡಿಸಿದರೆ ನಿಲ್ಲದೆ ಬಂದರು. ಬೇಕಿದ್ದದ್ದು ಇಷ್ಟೇ ಎನಿಸಿತು. ಇನ್ನೂ ಸ್ವಲ್ಪ ಬೇಕು ಎಂದೂ ಎನಿಸಿತು.

ಮರುದಿನ ಬೆಳಗ್ಗೆ ಅವರು ನಮ್ಮ ಹೊಸ್ತಿಲ ಬಳಿ ಬಂದು ನಿಂತರು. ಒಳಗೆ ಬನ್ನಿ ಎಂದು ನಾನನ್ನಲಿಲ್ಲ. ಕಚೇರಿಯಲ್ಲಿ ಅವರಿಗೆ ದೂರು ತೋರಿಸಿದ್ದರು. ಕೆಳಗೆ ಹೆಸರಿರಲಿಲ್ಲ. ಆದರೆ ಅಷ್ಟು ಚೊಕ್ಕವಾಗಿ ಬರೆಯುವವರು ಆ ಬೀದಿಯಲ್ಲಿ ಒಬ್ಬರೇ.

“ಏನಮ್ಮಾ, ಒಂದು ವಾರ್ತೆ ನನ್ನ ಕೇಳಿದ್ರೆ ನಾನೇ ಅವನ್ನ ಅನುಪ್ಪಿ, ಕಳಿಸಿ ಬಿಡ್ತಿದ್ದೆನಲ್ಲಾ. ಪೊಲೀಸ್ ವರೆಗೂ ಯಾತಕ್ಕೆ?”

“ಮೈಸೂರಿನವರಿಗೆ ಹೇಳುವಾಗ ನೀವು ನನ್ನ ಕೇಳಿದ್ರಾ?”

ಅವರು ನಿಜಕ್ಕೂ ಕಕ್ಕಾಬಿಕ್ಕಿಯಾದರು. “ಮೈಸೂರಿನವರಿಗೆ ನಾನು ಏನು ಕಮ್ಮಿ ಹೇಳಿದೆ? ನಲ್ಲ ಹುಡುಗಿ, ಒಳ್ಳೆ ಅಡಕ್ಕವಾದ ಹುಡುಗಿ, ನಮ್ಮ ಮಗಳ ಹಾಗೆ ಅಂತ ಹೇಳಿದೆ. ಮನೇಲೆ ವೇರೆ ಯಾರಿದಾರೆ ಅಂತ ಆ ಅಮ್ಮ ಕೇಳಿದ್ರು. ಇದ್ದದ್ದು ಹೇಳಿದೆ. ಮೇಲೆ ಒಬ್ಬ ವೆಳ್ಳಕ್ಕಾರ ಮೂರು ತಿಂಗಳಾಗಿ ತಂಗಿಟ್ಟು ಇದಾನೆ, ಅಷ್ಟೇ.”

ಸಂದೇಹ ಬಂದ ವಾಕ್ಯವನ್ನು ಡೆಸ್ಕಿನಲ್ಲಿ ಇನ್ನೊಂದು ಸಲ ಗಟ್ಟಿಯಾಗಿ ಓದಿಸುತ್ತೇವೆ. ಇನ್ನೊಮ್ಮೆ ಹೇಳಿ ಎಂದೆ. ಹೇಳಿದರು. ಒಳಗೆ ಅಮ್ಮನ ಕೈಯ ಸೌಟು ನಿಂತಿತು. ನನಗಿಂತ ಮೊದಲು ಅಮ್ಮನಿಗೆ ತಿಳಿಯಿತು.

ತಂಗುವುದು ಎಂದರೆ ತಮಿಳಿನಲ್ಲಿ ಉಳಿದುಕೊಳ್ಳುವುದು. ನಮ್ಮಲ್ಲೂ ಆ ಮಾತುಂಟು, ಬಸ್ ತಂಗುದಾಣದ ಬೋರ್ಡಿನ ಮೇಲೆ. ತಂಗಿಟ್ಟು ಇದ್ದಾನೆ ಎಂದರೆ ಮದರಾಸಿನ ಕನ್ನಡದಲ್ಲಿ ಇಲ್ಲೇ ಉಳಿದುಕೊಂಡಿದ್ದಾನೆ ಎಂದಷ್ಟೇ. ಹದಿನೈದು ವರ್ಷ ಆ ಊರಲ್ಲಿದ್ದ ನನಗೆ ಅದು ದಿನವೂ ಕಿವಿಗೆ ಬೀಳುವ ಮಾತು. ಆದರೆ ಮೈಸೂರಿನ ಒಬ್ಬ ತಾಯಿ, ಗರಗರ ಎನ್ನುವ ಎಸ್‌ಟಿಡಿ ಲೈನಿನಲ್ಲಿ, ಸೊಸೆಯಾಗಲಿರುವ ಹುಡುಗಿಯ ಬಗ್ಗೆ ವಿಚಾರಿಸುತ್ತಿರುವಾಗ ಅದನ್ನು ಹೇಗೆ ಕೇಳಿಸಿಕೊಂಡಿರಬೇಕು? ಮೂರು ತಿಂಗಳಿಂದ ತಂಗೀನ ಇಟ್ಟುಕೊಂಡಿದ್ದಾನೆ. ನಾನು ಮನೆಯ ಹಿರಿಯಳು. ತಂಗಿ ಎಂದರೆ ಯಾರು ಎಂದು ಆಕೆ ಯೋಚಿಸಬೇಕಾಗಿಯೂ ಇರಲಿಲ್ಲ.

“ಎರಡು ಸಲ ಹೇಳಿದ್ರಂತಲ್ಲ,” ಎಂದೆ.

“ಅವರೇ ತಿರುಗಿ ಕೇಳಿದ್ರಮ್ಮಾ. ‘ಏನು, ತಂಗೀನಾ?’ ಅಂತ. ಆಮಾ, ತಂಗಿಟ್ಟೇ ಇದಾನೆ, ಇನಿ ಬಿಟ್ಟು ಹೋಗೋ ಹಾಗೆ ಕಾಣಲ್ಲ ಅಂದೆ. ತಮಾಷೆಗೆ. ಅವರು ಟಕ್ಕಂತ ಫೋನ್ ವೆಚ್ಚುಬಿಟ್ಟರು. ಲೈನ್ ಕಟ್ ಅಂದುಕೊಂಡೆ.”

ನಾನು ವಿವರಿಸಿದೆ. ಅವರು ಕುರ್ಚಿಯಿಲ್ಲದ ಹೊಸ್ತಿಲಲ್ಲೇ ಕೂತರು. ತಮ್ಮ ಬೆಂಚಿನ ಮೂರು ದಿನವನ್ನು ಅವರು ಎತ್ತಲಿಲ್ಲ. ಹುಡುಗಿಗೆ ಏನು ಹೇಳುವುದು, ಈಗಲೇ ಮೈಸೂರಿಗೆ ಹೋಗಿ ಅವರ ಕಾಲಿಗೆ ಬೀಳಲೇ ಎಂದು ಕೇಳಿದರು. ನೀರು ಬೇಕೇ ಎಂದು ಅಮ್ಮ ಕೇಳಿದಳು. ನಾನಲ್ಲ.

ಮೈಸೂರಿಗೆ ನಾನು ಫೋನ್ ಮಾಡಿದೆ, ಕಚೇರಿಯಿಂದ, ಎತ್ತುವ ತನಕ. ಹುಡುಗನ ತಾಯಿಗೆ ಆ ಒಂದು ಪದವನ್ನು ಮೂರು ರೀತಿಯಲ್ಲಿ ಬಿಡಿಸಿ ಹೇಳಿದೆ. ಆಕೆ, ಅಯ್ಯೋ ಹಾಗಾ, ನಮಗೇನು ಗೊತ್ತಮ್ಮ ನಿಮ್ಮೂರ ಭಾಷೆ ಎಂದರು. ವಾರದೊಳಗೆ ಸೋದರಮಾವನ ಫೋನ್ ಬಂತು, ಈ ಸಲ ನಮಸ್ಕಾರದೊಂದಿಗೆ. ಹುಡುಗ ಒಪ್ಪಿದ್ದಾನೆ, ಆದದ್ದಾಯಿತು, ಮುಹೂರ್ತ ನೋಡೋಣ ಎಂದರು.

ಆ ಮಧ್ಯಾಹ್ನ ರಜೆ ಹಾಕಿ ಕೂತು, ತಂಗಿ ಶಾಲೆಯಿಂದ ಬಂದ ಮೇಲೆ ಎಲ್ಲವನ್ನೂ ಹೇಳಿದೆ. ಫೋನ್, ಪದ, ಜಾತಕದ ಸುಳ್ಳು, ದೂರು. ಸಂಗತಿಗಳನ್ನು ಬಂದ ಕ್ರಮದಲ್ಲಿ ಇಟ್ಟೆ. ಕೊನೆಗೆ, ಅವರು ಒಪ್ಪಿದ್ದಾರೆ ಎಂದೆ. ಅವಳು ಚೀಲವನ್ನು ಹೆಗಲಿನಿಂದ ಇಳಿಸಿರಲಿಲ್ಲ.

“ಅವರು ಒಂದು ಕಾಗದ ಬರೆದು ನನ್ನ ಕೇಳಲಿಲ್ಲ,” ಎಂದಳು. “ನೀನು ಆ ರೂಮಿನಿಂದ ಈ ರೂಮಿಗೆ ಬಂದು ಕೇಳಲಿಲ್ಲ.”

ನಿನಗೆ ನೋವಾಗಬಾರದೆಂದು ಎಂದೆ.

“ಇಲ್ಲ ಅಕ್ಕ. ನೀನೂ ನಂಬಿದ್ದೆ. ಸ್ವಲ್ಪ.”

ದೂರಿಗೆ ಮುನ್ನ, ಮೆಟ್ಟಿಲ ಮೇಲೆ ಅವಳಾಡಿದ ನಾಲ್ಕೈದು ಮಾತುಗಳನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೆ ಎನ್ನುವುದು ನನಗೆ ಗೊತ್ತಿತ್ತು.

ಮೈಸೂರಿಗೆ ಬೇಡ ಎಂದು ಅವಳೇ ಬರೆದಳು. ಅಮ್ಮ ಕಾಲು ಹಿಡಿದರೂ ಬದಲಾಗಲಿಲ್ಲ. ಜೂನ್‌ನಲ್ಲಿ ತಾಂಬರಂನ ಒಂದು ಶಾಲೆ ಸೇರಿ ಅಲ್ಲೇ ಒಂದು ಕೋಣೆ ಹಿಡಿದಳು. ಭಾನುವಾರ ಎಲೆಕ್ಟ್ರಿಕ್ ಟ್ರೈನಿನಲ್ಲಿ ಬಂದು ಅಮ್ಮನ ಜೊತೆ ಕನ್ನಡದಲ್ಲಿ ಮಾತಾಡುವಳು, ನನ್ನೊಂದಿಗೆ ತಮಿಳಿನಲ್ಲಿ. ಬೈಗುಳವಿಲ್ಲ, ಮುನಿಸಿಲ್ಲ, ಊಟವಾಯಿತೇ ಎಂದು ಕೇಳುವುದೂ ತಮಿಳಿನಲ್ಲೇ. ಮೊದಲ ತಿಂಗಳು ತಮಾಷೆ ಎಂದುಕೊಂಡೆ. ಮಾಲೀಕರು ಮಗಳಿಗೆ ಬೇರೆ ಮನೆ ಹುಡುಕಿಕೊಟ್ಟರು, ನಮ್ಮನ್ನು ಎಬ್ಬಿಸಲಿಲ್ಲ. ಇದೂ ಒಂದು ಶಿಕ್ಷೆಯೆಂದೇ ನನಗನ್ನಿಸುತ್ತಿತ್ತು. ಅವರಿಗೆ ಹಾಗೇನೂ ಇರಲಿಲ್ಲವೇನೋ.

ಎರಡು ಸಾವಿರದ ಒಂದರಲ್ಲಿ ಆ ಹುಡುಗನ ಮದುವೆಯ ಕರೆಯೋಲೆ ನಮ್ಮ ವಿಳಾಸಕ್ಕೆ ಬಂತು. ಅದನ್ನು ಕಳಿಸಿದ್ದು ಸೋದರಮಾವ. ಏಕೆ ಕಳಿಸಿದರೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಸಾಕಷ್ಟು ಖರ್ಚು ಮಾಡಿ ಅಚ್ಚು ಹಾಕಿಸಿದ್ದರು. ನಾನು ಕೆಂಪು ಪೆನ್ನು ತೆಗೆದುಕೊಂಡು ಕರಡು ತಿದ್ದುವ ಹಾಗೆ ತಿದ್ದಿದೆ. ಮಹಾಪ್ರಾಣ ತಪ್ಪಿದ್ದು ಮೂರು, ಒತ್ತಕ್ಷರ ತಪ್ಪಿದ್ದು ಐದು, ಮದುಮಗಳ ತಂದೆಯ ಹೆಸರಿನಲ್ಲಿ ಒಂದು. ಅಂಚಿನಲ್ಲಿ ಗುರುತು ಹಾಕಿ, ಇವನ್ನು ಸರಿಪಡಿಸಿ ಮರುಮುದ್ರಿಸುವುದು ಎಂದು ಕೆಳಗೆ ಬರೆದು, ರಿಜಿಸ್ಟರ್ಡ್ ಅಂಚೆಯಲ್ಲಿ ವಾಪಸು ಕಳಿಸಿದೆ. ತಲುಪಿದ್ದಕ್ಕೆ ಸಹಿ ಬಂತು. ಆ ಚೀಟಿಯನ್ನು ಬಹಳ ಕಾಲ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೆ.

ತಂಗಿಗೆ ಫೋನಿನಲ್ಲಿ ಇದನ್ನೆಲ್ಲ ವಿವರವಾಗಿ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಆ ಬೆಲ್ಜಿಯಂನವನ ಬಗ್ಗೆ ಕೇಳಿದಳು, ತಮಿಳಿನಲ್ಲಿ.

“ಅವನುಕ್ಕು ಎಳುದಿನಿಯಾ?”

ಅವನಿಗೆ ಬರೆದೆಯಾ ಎಂದು. ಅವನ ವಿಳಾಸದ ಚೀಟಿ ಅಮ್ಮನ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು, ಈಗಲೂ ಇದೆ. ವೀಸಾ ಮುಗಿದಿತ್ತಲ್ಲ, ಅದರಲ್ಲಿ ಸುಳ್ಳೇನಿತ್ತು ಎಂದು ನಾನು ಕನ್ನಡದಲ್ಲಿ ಹೇಳಿದೆ. ಅವಳು ಸರಿ ಎಂದು ಫೋನ್ ಇಟ್ಟಳು.